ಯುದ್ಧಕಾಲದ ಪತ್ರಿಕಾ ಹಾಳೆ: ಹಿಂಬದಿಗೆ ಅಂಟು ಬಳಿಯಬೇಡಿ

ಮಾನ್ಯ ಸಂಪಾದಕರೇ,

ಯುದ್ಧಕಾಲದ ವಾರಪತ್ರಿಕೆಗಳ ಅಸಲಿ ಹಾಳೆಗಳನ್ನು ರಟ್ಟಿನ ಮೇಲೆ ಕೂರಿಸಿ, ಚೌಕಟ್ಟು ಹಾಕಿಸಿ ಸಂಗ್ರಹಿಸುವ ಹವ್ಯಾಸದ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಹಾಳೆಗಳ ಸೊಗಸನ್ನು ಲೇಖಕರು ಚೆನ್ನಾಗಿ ಬಣ್ಣಿಸಿದ್ದಾರೆ. ಆದರೆ ಹಾಳೆಗೆ ಹಿಂಬದಿಯೂ ಇರುತ್ತದೆಂಬ ಮಾತು ಲೇಖನದಲ್ಲಿ ಎಲ್ಲಿಯೂ ಬರುವುದಿಲ್ಲ. ಸಾಲದೆಂಬಂತೆ, ಹಾಳೆ ಸುಕ್ಕಾಗದಿರಲು ಹಿಂಬದಿಗೆ ಪೂರ್ತಿ ಅಂಟು ಬಳಿದು ರಟ್ಟಿಗೆ ಒತ್ತಿಬಿಡಬೇಕೆಂಬ ಸಲಹೆಯನ್ನೂ ಅವರು ಕೊಟ್ಟಿದ್ದಾರೆ. ಇಪ್ಪತ್ತು ವರ್ಷಗಳಿಂದ ಇಂಥ ಹಾಳೆಗಳನ್ನು ಕೂಡಿಡುತ್ತ ಬಂದಿರುವ ನನಗೆ ಆ ಒಂದು ವಾಕ್ಯವನ್ನು ಓದಿ ಸುಮ್ಮನಿರಲಾಗಲಿಲ್ಲ.

ನಾನು ಮೊಟ್ಟಮೊದಲು ಕೊಂಡ ಹಾಳೆ ಹೀಗೆಯೇ ಅಂಟಿಸಿದ್ದಾಗಿತ್ತು. ಕಂದಕದ ಅಂಚಿನಲ್ಲಿ ಕುಳಿತು ಕಾಗದ ಓದುತ್ತಿರುವ ಒಬ್ಬ ಸೈನಿಕನ ಚಿತ್ರ. ಅಂಚುಗಳನ್ನು ನೀಟಾಗಿ ಕತ್ತರಿಸಿ ಬೂದುಬಣ್ಣದ ರಟ್ಟಿಗೆ ಅಂಟಿಸಲಾಗಿತ್ತು. ಕತ್ತರಿಯ ಜೊತೆಗೆ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ, ಚಿತ್ರದ ಕೆಳಗಿನ ವಿವರಣೆ ಎಲ್ಲವೂ ಹೋಗಿದ್ದವು. ಮಾರಿದವರನ್ನು ಕೇಳಿದರೆ "ಮೊದಲನೆಯ ಮಹಾಯುದ್ಧದ್ದು" ಎಂಬಷ್ಟೇ ಉತ್ತರ. ಹಾಳೆಯನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿದೆ. ದಪ್ಪ ರಟ್ಟಿನಾಚೆ ಬೆಳಕು ಹಾಯಲಿಲ್ಲ. ಮೂಲೆಯೊಂದು ತುಸು ಎದ್ದಿದ್ದ ಜಾಗದಲ್ಲಿ ಮಾತ್ರ ಹಿಂಬದಿಯ ಮೂರು ಸಾಲುಗಳ ತುದಿ ಕಾಣುತ್ತಿತ್ತು. ಸಾಲಿಗೊಂದೆರಡು ಅಕ್ಷರ, ಅಷ್ಟೇ. ಅದು ಯಾವ ವಾರದ ಯಾವ ಪತ್ರಿಕೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ವಿವರಣೆಯ ಸಾಲು ಹೋದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ಮೊದಲನೆಯ ಮಹಾಯುದ್ಧದ ವೇಳೆ ದಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್, ದಿ ಸ್ಫಿಯರ್ ಮುಂತಾದ ವಾರಪತ್ರಿಕೆಗಳಲ್ಲಿ ಛಾಯಾಚಿತ್ರಗಳ ಜೊತೆಗೆ ಕಲಾವಿದರು ಬರೆದ ಚಿತ್ರಗಳೂ ಧಾರಾಳವಾಗಿ ಬರುತ್ತಿದ್ದವು. ಸ್ಫಿಯರ್‌ನ ಹೆಸರಾಂತ ಚಿತ್ರಕಾರ ಫೋರ್ಚುನಿನೊ ಮತಾನಿಯಾ ರಣರಂಗವನ್ನು ಕಂಡಿದ್ದವರೇ. ಆದರೂ ಅವರ ಎಷ್ಟೋ ಚಿತ್ರಗಳು ಸೈನಿಕರ ಬಾಯಿಂದ ಕೇಳಿದ ವಿವರಗಳನ್ನು ಆಧರಿಸಿ ಲಂಡನ್ನಿನ ಕೋಣೆಯಲ್ಲಿ ರೂಪುಗೊಂಡವು. ಹೀಗೆ ಕೇಳಿ ಬರೆದ ಚಿತ್ರವಾದರೆ, ಪ್ರತ್ಯಕ್ಷದರ್ಶಿ ಕೊಟ್ಟ ವಿವರದಂತೆ ಬರೆದದ್ದು ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕುವ ರೂಢಿ ಆ ಪತ್ರಿಕೆಗಳಲ್ಲಿತ್ತು. ಆ ಸಣ್ಣಕ್ಷರವನ್ನು ಕತ್ತರಿಸಿದವರ ಗೋಡೆಯ ಮೇಲೆ ಕೇಳಿ ಬರೆದ ಚಿತ್ರ ಕಣ್ಣಾರೆ ಕಂಡದ್ದಾಗಿ ಕೂರುತ್ತದೆ. ತಾರೀಖಿನ ಬೆಲೆಯೂ ಕಡಿಮೆಯಲ್ಲ. 1914ರ ಕ್ರಿಸ್‌ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕ ಬಿಟ್ಟು ಬಂದು ಕೈಕುಲುಕಿದ ಪ್ರಸಂಗದ ಚಿತ್ರ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಲ್ಲಿ ಅಚ್ಚಾದದ್ದು 1915ರ ಜನವರಿ 9ರ ಸಂಚಿಕೆಯಲ್ಲಿ. ಆ ಪ್ರಸಂಗದ ಚಿತ್ರ ಓದುಗರ ಮನೆ ಮುಟ್ಟಲು ಎರಡು ವಾರ ಹಿಡಿಯಿತು ಎಂಬುದನ್ನು ಪುಟದ ತಲೆಯ ಮೇಲಿರುವ ಆ ತಾರೀಖು ಹೇಳುತ್ತದೆ.

ಕೆಲವೊಮ್ಮೆ ಎದುರಿನ ಪುಟವಿಲ್ಲದೆ ಚಿತ್ರದ ಅರ್ಥವೇ ಪೂರ್ತಿಯಾಗುವುದಿಲ್ಲ. ಎರಡನೆಯ ಮಹಾಯುದ್ಧದ ವೇಳೆ, ಅಮೆರಿಕದ ಲೈಫ್ ಪತ್ರಿಕೆಯ 1943ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ, ನ್ಯೂಗಿನಿಯ ಬೂನಾ ಕಡಲತೀರದ ಮರಳಲ್ಲಿ ಸತ್ತು ಬಿದ್ದಿರುವ ಮೂವರು ಅಮೆರಿಕನ್ ಸೈನಿಕರ ಚಿತ್ರ ಪುಟದ ತುಂಬ ಅಚ್ಚಾಯಿತು. ಜಾರ್ಜ್ ಸ್ಟ್ರಾಕ್ ತೆಗೆದ ಆ ಛಾಯಾಚಿತ್ರವನ್ನು ಸೆನ್ಸಾರ್ ಅಧಿಕಾರಿಗಳು ತಿಂಗಳುಗಟ್ಟಲೆ ತಡೆಹಿಡಿದಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಅವರವರೆಗೂ ವಿಷಯ ಹೋದ ಮೇಲೆ ಅದಕ್ಕೆ ಬಿಡುಗಡೆ ಸಿಕ್ಕಿತು. ಇಂಥ ಚಿತ್ರವನ್ನು ಏಕೆ ಅಚ್ಚು ಹಾಕುತ್ತಿದ್ದೇವೆ ಎಂದು ಸಂಪಾದಕರು ಅದೇ ಸಂಚಿಕೆಯಲ್ಲಿ, ಚಿತ್ರದ ಎದುರಿಗೇ ಬರೆದಿದ್ದರು. ಚಿತ್ರವನ್ನಷ್ಟೇ ಹರಿದು ಚೌಕಟ್ಟಿಗೆ ಹಾಕಿದವರು ಸಂಪಾದಕರ ಆ ಅಳುಕನ್ನೂ ಸಮರ್ಥನೆಯನ್ನೂ ರದ್ದಿಗೆ ಹಾಕಿದಂತೆಯೇ. ಅದೇ ವರ್ಷದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ದಿ ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಸತತ ನಾಲ್ಕು ವಾರ ಪ್ರಕಟಿಸಿದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರ ನಾಲ್ಕು ಸ್ವಾತಂತ್ರ್ಯಗಳ (ರೂಸ್‌ವೆಲ್ಟ್ ಸಾರಿದ ಮಾತಿನ ಸ್ವಾತಂತ್ರ್ಯ, ಆರಾಧನೆಯ ಸ್ವಾತಂತ್ರ್ಯ, ಅಭಾವದಿಂದ ಮುಕ್ತಿ, ಭಯದಿಂದ ಮುಕ್ತಿ) ಚಿತ್ರಗಳಿಗೂ ಇದೇ ಗತಿ. ಪ್ರತಿಯೊಂದು ಚಿತ್ರದ ಜೊತೆಗೂ ಒಂದು ಪ್ರಬಂಧವಿತ್ತು. ಅಭಾವದಿಂದ ಮುಕ್ತಿಯನ್ನು ತೋರಿಸುವ, ಹಬ್ಬದೂಟಕ್ಕೆ ಸೇರಿದ ತುಂಬು ಕುಟುಂಬದ ಚಿತ್ರದ ಜೊತೆಗಿದ್ದ ಪ್ರಬಂಧವನ್ನು ಬರೆದವರು ಫಿಲಿಪೀನ್ಸ್‌ನಿಂದ ವಲಸೆ ಬಂದು ಹೊಲಗಳಲ್ಲಿ ಕೂಲಿ ಮಾಡಿದ್ದ ಕಾರ್ಲೋಸ್ ಬುಲೋಸಾನ್. ಊಟದ ಚಿತ್ರ ಇಂದಿಗೂ ಲೆಕ್ಕವಿಲ್ಲದಷ್ಟು ಗೋಡೆಗಳ ಮೇಲಿದೆ; ಬುಲೋಸಾನ್ ಅವರ ಮಾತು ಎಷ್ಟು ಗೋಡೆಗಳ ಮೇಲಿದೆಯೋ ನಾನಂತೂ ಕಾಣೆ.

ಇನ್ನು ಹಿಂಬದಿಯ ಮಾತು. ಅಮೆರಿಕದಲ್ಲಿ 1942ರ ಫೆಬ್ರುವರಿಯಲ್ಲಿ ಜನಬಳಕೆಯ ಕಾರುಗಳ ತಯಾರಿಕೆ ನಿಂತುಹೋಯಿತು. ಮಾರಲು ಕಾರೇ ಇಲ್ಲದಿದ್ದರೂ ಕಾರು ಕಂಪನಿಗಳು ಜಾಹೀರಾತು ಕೊಡುವುದನ್ನು ಬಿಡಲಿಲ್ಲ. ತಾವು ಮಾಡುತ್ತಿರುವ ಟ್ಯಾಂಕು, ವಿಮಾನದ ಎಂಜಿನ್ನುಗಳನ್ನು ತೋರಿಸಿ, ಗೆಲುವಿನ ನಂತರ ಮತ್ತೆ ಕಾರು ಕೊಡುತ್ತೇವೆಂದು ಆಸೆ ಹುಟ್ಟಿಸಿದವು. ರಣರಂಗದ ಚಿತ್ರವಿರುವ ಹಾಳೆಯನ್ನು ಮಗುಚಿದರೆ ಇಂಥದೊಂದು ಜಾಹೀರಾತೋ, ಮಿತವ್ಯಯದ ಅಡುಗೆಯ ಸಲಹೆಯೋ, ಧಾರಾವಾಹಿಯ ತುಂಡೋ ಸಿಗುತ್ತದೆ. ಯುದ್ಧಕಾಲದಲ್ಲಿ ಮನೆಯಲ್ಲಿದ್ದವರು ಸಾವನ್ನೂ ಸಾಬೂನನ್ನೂ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಓದುತ್ತಿದ್ದರು. ಯುದ್ಧವನ್ನು ಅವರು ಹೇಗೆ ಕಂಡರೆಂದು ತಿಳಿಯಬೇಕಾದರೆ, ನನ್ನ ದೃಷ್ಟಿಯಲ್ಲಿ, ಮುಂಬದಿಯ ವೀರಾವೇಶಕ್ಕಿಂತ ಹಿಂಬದಿಯೇ ಹೆಚ್ಚು ನಂಬಿಕೆಗೆ ಅರ್ಹ.

ಅಸಲಿ ಯಾವುದು, ನಕಲು ಯಾವುದು ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ಭೂತಗನ್ನಡಿ ಹಿಡಿದರೆ ಹಳೆಯ ಅಚ್ಚಿನ ಚುಕ್ಕಿಗಳು ಸಾಲುಗಟ್ಟಿ ನಿಂತಿರುವುದೂ, ಇಂದಿನ ಇಂಕ್‌ಜೆಟ್ ಮುದ್ರಣದ ಚುಕ್ಕಿಗಳು ಎರಚಿದಂತೆ ಚದುರಿರುವುದೂ ಕಾಣುತ್ತದೆಂಬುದು ನಿಜ. ಆದರೆ ಹಳೆಯ ಪುಟವನ್ನೇ ನೋಡಿಕೊಂಡು ಅಚ್ಚಿನಲ್ಲಿ ಮಾಡಿದ ನಕಲು ಆ ಪರೀಕ್ಷೆಯನ್ನು ದಾಟಿಬಿಡಬಹುದು. ಆಗ ನೆರವಿಗೆ ಬರುವುದು ಹಿಂಬದಿಯಲ್ಲಿ ಮುಂದುವರಿದ ಲೇಖನ, ಬೆನ್ನಿನ ಅಂಚಿನಲ್ಲಿ ಉಳಿದ ಪಿನ್ನಿನ ತೂತು, ಅದರ ಸುತ್ತಲಿನ ತುಕ್ಕಿನ ಕಲೆ. ಪೂರ್ತಿ ಅಂಟಿಸಿದ ಹಾಳೆ ಅಸಲಿಯೇ ಆಗಿದ್ದರೂ ತಾನು ಅಸಲಿಯೆಂದು ರುಜುವಾತು ಮಾಡಲಾರದು.

ಲೇಖಕರು ಹಳದಿ ಬಣ್ಣವನ್ನು ಹಳತನದ ಗುರುತೆಂದು ಕರೆದಿದ್ದಾರೆ. ಇದೂ ಪೂರ್ತಿ ಸರಿಯಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದ, ಅಂದರೆ 1861ರಿಂದ 1865ರವರೆಗಿನ ಹಾರ್ಪರ್ಸ್ ವೀಕ್ಲಿ ಎಂಬ ವಾರಪತ್ರಿಕೆಯ ಹಾಳೆಗಳು 1940ರ ದಶಕದ ಎಷ್ಟೋ ಹಾಳೆಗಳಿಗಿಂತ ಬೆಳ್ಳಗಿರುತ್ತವೆ. ಆಗ ಕಾಗದವನ್ನು ಚಿಂದಿಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಮರದ ತಿರುಳಿನ ಅಗ್ಗದ ಕಾಗದ ಪತ್ರಿಕೆಗಳಿಗೆ ಬಂದದ್ದು ಆಮೇಲೆ. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿ ತಾಗಿದಂತೆ ಕಂದುತ್ತದೆ, ಕಾಗದದೊಳಗಿನ ಆಮ್ಲ ನಾರನ್ನು ಪೆಡಸಾಗಿಸಿ ಮುರಿಯುತ್ತದೆ. ಹಾರ್ಪರ್ಸ್‌ನ ದೊಡ್ಡ ಚಿತ್ರಗಳಲ್ಲಿ ಇನ್ನೊಂದು ವಿಶೇಷವನ್ನೂ ನೋಡಬಹುದು. ಆಗ ಚಿತ್ರಗಳನ್ನು ಬಾಕ್ಸ್‌ವುಡ್ ಎಂಬ ಗಟ್ಟಿಮರದಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದರು. ಆ ಮರದ ಕಾಂಡ ಸಣ್ಣದಾದ್ದರಿಂದ ಹಲವು ತುಂಡುಗಳನ್ನು ಬೋಲ್ಟಿನಿಂದ ಬಿಗಿದು ಅಚ್ಚಿನ ಹಲಗೆ ಮಾಡುತ್ತಿದ್ದರು. ಕೆಲಸ ಬೇಗ ಮುಗಿಯಲೆಂದು ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೆತ್ತನೆಗಾರರಿಗೆ ಹಂಚಿ, ಕೆತ್ತಿದ ಮೇಲೆ ಮತ್ತೆ ಜೋಡಿಸುತ್ತಿದ್ದರು. ಜೋಡಣೆ ಕೂದಲೆಳೆಯಷ್ಟು ಸಡಿಲವಾದರೂ ಚಿತ್ರದ ನಡುವೆ, ಕುದುರೆಯ ಕಾಲನ್ನೋ ಆಕಾಶವನ್ನೋ ಸೀಳಿಕೊಂಡು, ತೆಳುವಾದ ಬಿಳಿಗೆರೆಯೊಂದು ಹಾಯುತ್ತದೆ. ಅದನ್ನು ದೋಷವೆಂದು ಬಗೆದು ಪೆನ್ಸಿಲಿನಿಂದ ತಿದ್ದಿದ ಹಾಳೆಯೊಂದನ್ನು ನಾನು ಕಂಡಿದ್ದೇನೆ!

ಹಾಗಾದರೆ ಹಾಳೆಯನ್ನು ಮೌಂಟ್ ಮಾಡಲೇಬಾರದೆ, ಅಂದರೆ ರಟ್ಟಿನ ಮೇಲೆ ಕೂರಿಸಲೇಬಾರದೆ? ಖಂಡಿತ ಮಾಡಬಹುದು. ಆಮ್ಲವಿಲ್ಲದ, ಹತ್ತಿಯ ನಾರಿನ ರಟ್ಟನ್ನೇ ಬಳಸಬೇಕು. ತೆಳ್ಳನೆಯ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದಿಂದ ಕಾಯಿಸಿದ ಅಂಟಿನಲ್ಲಿ ಹಾಳೆಯ ಮೇಲಂಚಿಗೆ ಮಾತ್ರ ಹಚ್ಚಿ, ಹಾಳೆಯನ್ನು ತೂಗುಬಿಡಬೇಕು. ಈ ಅಂಟು ತುಸು ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಬೇಕೆಂದಾಗ ಹಾಳೆಯನ್ನು ಎತ್ತಿ ಹಿಂಬದಿಯನ್ನು ಓದಬಹುದು. ಸೆಲೊ ಟೇಪ್ ಕೆಲವೇ ವರ್ಷಗಳಲ್ಲಿ ಕಂದು ಕಲೆ ಬಿಡುತ್ತದೆ. ಬಿಸಿಯಿಂದ ಒತ್ತಿ ಅಂಟಿಸುವ ಡ್ರೈ ಮೌಂಟಿಂಗ್ ಮಾಡಿದ್ದನ್ನು ಬಿಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಮೇಲೆ ಕೂರಿಸುವ ರಟ್ಟಿನ ಕಿಟಕಿಯನ್ನು ವಿವರಣೆಯ ಸಾಲೂ ತಾರೀಖೂ ಕಾಣುವಷ್ಟು ಅಗಲವಾಗಿ ಕೊರೆಸಬೇಕು, ಗಾಜು ಹಾಳೆಗೆ ತಾಗಬಾರದು, ಬಿಸಿಲು ಬೀಳುವ ಗೋಡೆ ಬೇಡ. ಇಂಥ ಕಾಗದಗಳನ್ನು ಸಂಗ್ರಹಾಲಯಗಳು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳು ಪ್ರದರ್ಶಿಸಿ ಒಳಗಿಡುತ್ತವೆ.

ಇಡಿಯಾಗಿ ಉಳಿದಿರುವ ಸಂಚಿಕೆಗಳನ್ನು, ಅದರಲ್ಲೂ ಬೈಂಡು ಮಾಡಿದ ಸಂಪುಟಗಳನ್ನು, ನಾಲ್ಕು ಚಿತ್ರಗಳ ಆಸೆಗೆ ಬಿಚ್ಚುವುದನ್ನು ನಾನು ಒಪ್ಪಲಾರೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟನ್, ಅಮೆರಿಕಗಳೆರಡರಲ್ಲೂ ಕಾಗದದ ಅಭಾವದಿಂದಾಗಿ ಮನೆಮನೆಯ ಹಳೆಯ ಪತ್ರಿಕೆಗಳನ್ನು ಕೂಡಿಸಿ ಮರುಬಳಕೆಗೆ ಕಳುಹಿಸುವ ಅಭಿಯಾನಗಳು ನಡೆದವು. ಅದನ್ನೂ ದಾಟಿ ಬಂದ ಸಂಪುಟ ಇಂದು ಕತ್ತರಿಗೆ ಸಿಗಬಾರದು. ಆಗಲೇ ಹೊದಿಕೆ ಕಳಚಿ, ಪುಟ ಉದುರಿದ ಸಂಚಿಕೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳಿಂದ ಹಾಳೆ ತೆಗೆಯುವಾಗಲೂ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಚೌಕಟ್ಟಿನ ಹಿಂದೆ ಇಟ್ಟರೆ ಮುಂದೆ ಕೊಳ್ಳುವವರು ನನ್ನಂತೆ ಮೂರು ಸಾಲುಗಳ ತುದಿಯನ್ನು ಹಿಡಿದು ಊಹಿಸುತ್ತ ಕೂರಬೇಕಾಗಿಲ್ಲ.

ಅಂಟಿನ ಕುರಿತಾದ ಸಲಹೆಯನ್ನಾದರೂ ಮುಂದಿನ ಪುರವಣಿಯಲ್ಲಿ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಲೇಖನವನ್ನು ಓದಿ ಯಾರಾದರೂ ಈಗಾಗಲೇ ಗೋಂದಿನ ಡಬ್ಬಿ ತೆರೆದಿದ್ದರೆ, ದಯವಿಟ್ಟು ಅಲ್ಲಿಯವರೆಗೆ ಮುಚ್ಚಿಡಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಹವ್ಯಾಸಿ ಸಂಗ್ರಾಹಕ