ಸ್ಫೆಕೊಮಿರ್ಮಾ ಇರುವೆಗಳ ಮುತ್ತಜ್ಜಿಯಲ್ಲ

ಮಾನ್ಯರೇ,

ಪಳೆಯುಳಿಕೆ ಇರುವೆಗಳ ಮಾತು ಬಂದಾಗಲೆಲ್ಲ ಸ್ಫೆಕೊಮಿರ್ಮಾವನ್ನು ‘ಎಲ್ಲ ಇರುವೆಗಳ ಮುತ್ತಜ್ಜಿ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಅದು ತಪ್ಪು. ಅಮೆರಿಕದ ನ್ಯೂಜೆರ್ಸಿಯ ಕ್ಲಿಫ್‌ವುಡ್ ಕಡಲದಂಡೆಯಲ್ಲಿ 1966ರಲ್ಲಿ ಸಿಕ್ಕ ಅಂಬರ್ (ಗಟ್ಟಿಯಾಗಿ ಪಳೆಯುಳಿಕೆಯಾದ ಮರದ ಅಂಟು) ತುಂಡಿನೊಳಗೆ ಇದರ ಎರಡು ಕೆಲಸಗಾರ ಇರುವೆಗಳಿದ್ದವು. ವಯಸ್ಸು ಸುಮಾರು 9 ಕೋಟಿ ವರ್ಷ. ಆದರೆ ಮ್ಯಾನ್ಮಾರ್ ಅಂಬರಿನ ಹೈಡೊಮಿರ್ಮೆಕ್ಸ್ ಎಂಬ ಇರುವೆ ಅದಕ್ಕೂ ಹಳೆಯದು, ಹತ್ತಿರ ಹತ್ತಿರ 10 ಕೋಟಿ ವರ್ಷ. ಅಷ್ಟೇ ಅಲ್ಲ, ನ್ಯೂಜೆರ್ಸಿಯ ಅಂಬರಿನಲ್ಲೇ ಕೈರೊಮಿರ್ಮಾ ಎಂಬ ಇರುವೆ ಕೂಡ ಸಿಕ್ಕಿದೆ. ನಾವು ನೋಡುವ ಗೊದ್ದಗಳ ಉಪಕುಟುಂಬದ್ದೇ ಅದು, ಆಮ್ಲ ಚಿಮ್ಮುವ ರಂಧ್ರವೂ ಅದಕ್ಕಿದೆ. ಮೊಮ್ಮಕ್ಕಳು ಆಗಲೇ ಓಡಾಡುತ್ತಿದ್ದ ಕಾಲದ ಸ್ಫೆಕೊಮಿರ್ಮಾವನ್ನು ಮುತ್ತಜ್ಜಿಯ ಸಂತಾನವಿಲ್ಲದ ತಂಗಿ ಎನ್ನಬಹುದೇನೋ.

ಹೆಸರಿನ ಅರ್ಥವೇ ಕಣಜ-ಇರುವೆ. ದವಡೆ ಗಿಡ್ಡ, ಅದರಲ್ಲಿ ಎರಡೇ ಹಲ್ಲು: ಇದು ಕಣಜದ ಲಕ್ಷಣ. ಇಂದಿನ ಇರುವೆಯ ಮೀಸೆಯ ಮೊದಲ ಗೆಣ್ಣು ಉದ್ದವಿದ್ದು ಮೀಸೆ ಮೊಣಕೈಯಂತೆ ಮಡಚುತ್ತದೆ, ಇದರದ್ದು ಮೋಟು. ಹಾಗಿದ್ದೂ 1967ರಲ್ಲಿ ಕೀಟವಿಜ್ಞಾನಿಗಳಾದ ವಿಲ್ಸನ್, ಕಾರ್ಪೆಂಟರ್, ಬ್ರೌನ್ ಇದನ್ನು ಇರುವೆ ಎಂದರು. ಸೊಂಟದಲ್ಲಿ ಗಂಟಿದೆ, ಹಿಂಗಾಲಿನ ಬುಡದ ಮೇಲೆ ಮೆಟಾಪ್ಲೂರಲ್ ಗ್ರಂಥಿಯ ಪುಟ್ಟ ಬಾಯಿಯಿದೆ. ಈ ಗ್ರಂಥಿ ಇರುವೆಗಳಲ್ಲಿ ಮಾತ್ರ ಕಾಣುವಂಥದ್ದು. ಇಲ್ಲದಿದ್ದರೆ ಇರುವೆಯೇ ಅಲ್ಲ ಎಂದು ಮಾತ್ರ ಹೇಳುವಂತಿಲ್ಲ. ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಅದನ್ನು ಕಳೆದುಕೊಂಡಿದೆ.

ಪಳೆಯುಳಿಕೆಯಲ್ಲಿ ಈ ಗ್ರಂಥಿಯ ರಂಧ್ರ ಕಾಣುವುದೇ ಕಷ್ಟ. ಅಂಬರಿನ ಉಬ್ಬು ಮೈ ಬೆಳಕನ್ನು ಬಾಗಿಸುತ್ತದೆ. ಒಳಗಿನ ಬಿರುಕು, ಗುಳ್ಳೆಗಳು ರಂಧ್ರದಂತೆಯೇ ತೋರಿ ಮೋಸ ಮಾಡುತ್ತವೆ. ನ್ಯೂಜೆರ್ಸಿಯ ಅಂಬರಂತೂ ಬಲು ಪೆಡಸು. ಮೊದಲು ನಿರ್ವಾತದಲ್ಲಿ ಎಪಾಕ್ಸಿ ಅಂಟು ಕುಡಿಸಿ ಬಿರುಕು ತುಂಬಿಸಬೇಕು, ಆಮೇಲೆ ಇರುವೆಯ ಪಕ್ಕೆಗೆ ಸಮಾನಾಂತರವಾಗಿ ನೀರು ಹಾಕುತ್ತ ಉಜ್ಜಿ ಚಪ್ಪಟೆ ಮುಖ ಮಾಡಬೇಕು. ಒಂದು ಹನಿ ಗ್ಲಿಸರಿನ್, ಮೇಲೊಂದು ಗಾಜಿನ ಚೂರು ಇಟ್ಟರೆ ಗೀರುಗಳು ಮರೆಯಾಗುತ್ತವೆ. ಅವಸರಪಟ್ಟು ಒಣದಾಗಿ ಉಜ್ಜಿದರೆ ಬಿಸಿಗೆ ಸಿಡಿಯುತ್ತದೆ. ‘ಅಸಲಿಯೇ ನೋಡೋಣ’ ಎಂದು ಕಾದ ಸೂಜಿ ಚುಚ್ಚುವವರ ಕೈಗೆ ಮಾದರಿಯನ್ನು ಕೊಡಲೇಬಾರದು.

ಕಲ್ಲಿನಲ್ಲಿ ಅಪ್ಪಚ್ಚಿಯಾದ ಪಳೆಯುಳಿಕೆಗಳಿಗೆ ಈ ಉಪಾಯ ನಡೆಯದು. ರಷ್ಯಾದಲ್ಲಿ ಸಿಕ್ಕ, ರೆಕ್ಕೆಯಿರುವ ಅರ್ಮಾನಿಯಾ ಎಂಬ ಕೀಟ ಇರುವೆಯೋ ಕಣಜವೋ ಎಂಬ ಜಗಳ ಇನ್ನೂ ಮುಗಿಯದಿರುವುದು ಅದಕ್ಕೇ.