ಮೂರಡಿ ಟ್ಯಾಂಕು, ಮುರು ಮೀನು

ಇವರಿಗೆ,
ಅಕ್ವೇರಿಯಂ ಅಂಗಡಿಯ ಮಾಲೀಕರು, ಮಂಗಳೂರು

ವಿಷಯ: ಸಮುದ್ರದ ಮೀನಿಗೆ ತಪ್ಪು ಅಳತೆಯ ಟ್ಯಾಂಕು ಮಾರಿದ್ದು, ಮತ್ತು ಟ್ಯಾಂಕಿಗೆ ಮೀರಿ ಬೆಳೆದ ಮೀನನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅನ್ನುವ ನಿಮ್ಮದೇ 7ನೇ ಷರತ್ತು

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ "ಸಾರ್ ಊಟಕ್ಕೆ ಹೋಗಿದ್ದಾರೆ". ಒಂದು ಸಲ "ಈಗಷ್ಟೇ ಹೊರಟರು". ನಾಲ್ಕನೇ ಸಲ ಸುಮ್ನೆ ಕಟ್. ಹಾಗಾಗಿ ಈ ಪತ್ರ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂದುಕೊಂಡು ಕೂತಿದ್ದೇನೆ.

ಕಳೆದ ಆಗಸ್ಟ್‌ನಲ್ಲಿ ನಿಮ್ಮಲ್ಲಿ ಮೂರಡಿ ಟ್ಯಾಂಕು, ನೀರಿನ ಹೊಲಸು ತೆಗೆಯುವ ಸ್ಕಿಮ್ಮರ್, ಉಪ್ಪು, ಡ್ಯಾಮ್ಸೆಲ್ ಅನ್ನುವ ಮೂರು ಪುಟ್ಟ ಮೀನು, ಒಂದು ಪ್ಯಾಂಥರ್ ಗ್ರೂಪರ್ ಮರಿ ತೆಗೆದುಕೊಂಡೆ. ಒಟ್ಟು 41,300 ರೂಪಾಯಿ. ಮರಿ ಎರಡಿಂಚು ಇತ್ತು. ಬಿಳಿ ಮೈಮೇಲೆ ಕರಿ ಚುಕ್ಕೆ, ಚಂದವೋ ಚಂದ. ಇದಕ್ಕೆ ಎಷ್ಟು ದೊಡ್ಡ ಟ್ಯಾಂಕು ಬೇಕು ಅಂತ ನಾನು ಕೇಳಿಯೇ ಕೇಳಿದ್ದೆ. "ಟ್ಯಾಂಕು ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಸಾರ್" ಅಂದರು ನಿಮ್ಮ ಅಂಗಡಿಯವರು. ಎಂಥ ತಿಳುವಳಿಕೆಯ ಮೀನು!

ಈಗ ಅದು ಎಂಟೂವರೆ ಇಂಚು. ಡ್ಯಾಮ್ಸೆಲ್ ಮೂರನ್ನೂ ನುಂಗಿಯಾಗಿದೆ. ಮೀನುಗಾರಿಕೆಯ ಧಕ್ಕೆಯಲ್ಲಿ ಮುರು ಮೀನು, ಅಂದರೆ ಗ್ರೂಪರ್, ನೋಡಿಯೇ ಬೆಳೆದವನು ನಾನು. ಇದೂ ಅದೇ ಬಳಗದ್ದು ಅಂತ ನನಗೆ ಹೊಳೆಯಲಿಲ್ಲ, ಒಪ್ಪಿದೆ. ಮಾರುವವರಿಗೆ ಗೊತ್ತಿರಬೇಕಲ್ವಾ? ಇದು 70 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನು. ಅಂದರೆ ಎರಡೂಕಾಲು ಅಡಿ. ನೀವು ಕೊಟ್ಟ ಟ್ಯಾಂಕಿನ ಅಗಲ ಒಂದೂವರೆ ಅಡಿ. ತಿರುಗುವುದು ಹೇಗೆ? ಅಂಚಿನವರೆಗೆ ತುಂಬಿದರೂ ಅದರಲ್ಲಿ ಹಿಡಿಯುವುದು 190 ಲೀಟರ್. ಈ ಮೀನಿಗೆ 1,100 ಲೀಟರಾದರೂ ಬೇಕು, ಅಂದರೆ ಎಂಟಡಿ ಉದ್ದದ ಟ್ಯಾಂಕು. ನೀರಿನ ತೂಕವೇ ಟನ್ನಿಗಿಂತ ಜಾಸ್ತಿ. ನಾನಿರುವುದು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಮೀನು ತಿನ್ನುವುದು ಜಾಸ್ತಿ, ಹೊಲಸು ಜಾಸ್ತಿ, ಆ ಹೊಲಸಿನಿಂದ ನೀರಿಗೆ ಸೇರುವ ನೈಟ್ರೇಟ್ ಇಳಿಯುವುದೇ ಇಲ್ಲ. ವಾರಕ್ಕೆರಡು ಸಲ ನೀರು ಬದಲಿಸುತ್ತೇನೆ, ಲೀಟರಿಗೆ 35 ಗ್ರಾಂ ಉಪ್ಪು. ಆ ಉಪ್ಪೂ ನಿಮ್ಮಲ್ಲೇ. ವ್ಯಾಪಾರ ಅಂದರೆ ಇದು.

ಇನ್ನು ಜೂನ್ 14ರ ಶನಿವಾರ. ಸಂಜೆ ಆರೂಕಾಲು, ಹೊರಗೆ ಜೋರು ಮಳೆ. "ಕೊಡೆ ಹೊರಗಿಡಿ" ಅನ್ನುವುದೇ ನನಗೆ ಸಿಕ್ಕ ಸ್ವಾಗತ. ಕೌಂಟರಿನ ಹುಡುಗ ಗೋಲ್ಡ್ ಫಿಶ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದ. ಐದು ಸುತ್ತು, ನಾನು ಎಣಿಸಿದೆ. ಆಮೇಲೆ "ಎಂತ ಸಾರ್?" ಮೊಬೈಲಿನಲ್ಲಿ ಮೀನಿನ ಫೋಟೊ ತೋರಿಸಿದೆ. "ಪಕ್ಕದಲ್ಲಿ ಅಳತೆ ಟೇಪು ಇಲ್ಲವಲ್ಲ, ದೊಡ್ಡದಾಗಿದೆ ಅಂತ ಹೇಗೆ ನಂಬುವುದು?" ಅಂದ, ಅಂಗಡಿಗೆಲ್ಲ ಕೇಳುವ ಹಾಗೆ. 7ನೇ ಷರತ್ತು ಅಂದೆ. "ಅದು ಗೋಲ್ಡ್ ಫಿಶ್‌ಗೆ ಮಾತ್ರ." ಆ ಷರತ್ತನ್ನು ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದವರು ನೀವೇ. "ನೀವು ಜಾಸ್ತಿ ತಿನ್ನಿಸಿರಬೇಕು ಮಾರಾಯ್ರೆ. ಮೀನು ಬೆಳೆದದ್ದು ನಮ್ಮ ತಪ್ಪಾ?" ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬೇಡದಿದ್ದರೆ ಪಣಂಬೂರಿನಲ್ಲಿ ಸಮುದ್ರಕ್ಕೆ ಬಿಡಿ ಅಂದ. ಅಕ್ವೇರಿಯಂನಿಂದ ಸಮುದ್ರ ಸೇರಿದ ಲಯನ್ ಫಿಶ್ ಅಟ್ಲಾಂಟಿಕ್‌ನಲ್ಲಿ ಎಂಥ ಅನಾಹುತ ಮಾಡಿದೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ, "ಇಲ್ಲಾಂದ್ರೆ ಪುಳಿಮುಂಚಿ ಮಾಡಿ ತಿನ್ನಿ ಸಾರ್!"

ಇಡೀ ಅಂಗಡಿ ನಕ್ಕಿತು. ಜೊತೆಗಿದ್ದ ನನ್ನ ಮಗಳು ಮಾತ್ರ ನಗಲಿಲ್ಲ. ಆ ಮೀನಿಗೆ ಹೆಸರಿಟ್ಟವಳು ಅವಳು.

ಮೀನನ್ನು ವಾಪಸ್ ತೆಗೆದುಕೊಂಡು, ಅದಕ್ಕೆ ತಕ್ಕ ಟ್ಯಾಂಕು ಇರುವ ಕಡೆ ಸೇರಿಸಿ ಅಂತ ಕೇಳುವುದು ನನ್ನ ಉದ್ದೇಶವಾಗಿತ್ತು. ಹಣದ ಮಾತು ಆಮೇಲೆ. ಈಗ ಆ ತಾಳ್ಮೆಯೂ ಇಲ್ಲ. ಗ್ರಾಹಕರ ಸಹಾಯವಾಣಿ 1915 ನನಗೆ ಬಾಯಿಪಾಠ. 5 ಲಕ್ಷದವರೆಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, ಬಿಲ್ಲು ಜೋಪಾನವಾಗಿದೆ. ಆದರೆ ಅದಕ್ಕೂ ಮೊದಲು, ಬರುವ ಶನಿವಾರ ಸಂಜೆ ಆರೂಕಾಲಕ್ಕೆ, ಗಿರಾಕಿಗಳು ತುಂಬಿರುವಾಗ, ಮೀನಿನ ಡ್ರಮ್ಮನ್ನು ನಿಮ್ಮ ಕೌಂಟರಿನ ಮೇಲೆ ಇಡುತ್ತೇನೆ. ಅಳತೆ ಟೇಪು ನಾನೇ ತರುತ್ತೇನೆ. ಕೊಡೆ ಹೊರಗಿಡುವುದಿಲ್ಲ.

ಇಂತಿ,
ಇವತ್ತಿನವರೆಗೆ ನಿಮ್ಮ ಗಿರಾಕಿ