ಬಗ್ಗಿದ ಗಾರ್ಡನ್ನು ಇನ್ನು ನೆಟ್ಟಗೆ ಮಾಡಿಕೊಡುವುದಿಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ಜೂನ್ 1ರಿಂದ ನಮ್ಮ ಶೆಡ್ಡಿನಲ್ಲಿ ಮೂರು ಬದಲಾವಣೆ ಆಗುತ್ತಿವೆ. ಬೈಕು ಬಿದ್ದು ಬಗ್ಗಿದ ಕ್ರ್ಯಾಶ್ ಗಾರ್ಡನ್ನು (ಎಂಜಿನ್ ಕಾಯಲು ಅದರ ಎರಡೂ ಬದಿಗೆ ಚಾಚಿಕೊಂಡಿರುವ ಕಬ್ಬಿಣದ ಪೈಪು) ಕಾಯಿಸಿ, ಬಡಿದು ನೆಟ್ಟಗೆ ಮಾಡಿಕೊಡುವ ಕೆಲಸ ನಿಲ್ಲುತ್ತದೆ. ಒಂದೂಕಾಲು ಇಂಚಿನ ದಪ್ಪ ಪೈಪಿನ ಗಾರ್ಡನ್ನು ಇನ್ನು ಕಟ್ಟುವುದಿಲ್ಲ. ಫೋನಿನಲ್ಲಿ ಮಾಡೆಲ್ ಹೆಸರು ಹೇಳಿ ಪಾರ್ಸೆಲ್ ತರಿಸಿಕೊಳ್ಳುವುದಕ್ಕೂ ಆಗುವುದಿಲ್ಲ, ಗಾಡಿಯೇ ಹಾಸನಕ್ಕೆ ಬರಬೇಕು.

ಹಳೆಯ ಗ್ರಾಹಕರಲ್ಲಿ ಕೆಲವರಿಗೆ ಇದು ಬೇಸರ ತರುತ್ತದೆ ಎಂದು ಗೊತ್ತು. "ನಿಮ್ಮ ಗಾರ್ಡು ಆನೆ ತುಳಿದರೂ ಬಗ್ಗಲ್ಲ" ಎಂದು ಹೊಗಳಿ, ನಾಲ್ಕು ಜನಕ್ಕೆ ಹೇಳಿ ಕಳುಹಿಸಿದವರೇ ನೀವು. ಆ ಹೊಗಳಿಕೆಯಲ್ಲೇ ನಮ್ಮ ತಪ್ಪು ಇತ್ತು. ಅದನ್ನು ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು ಎನಿಸಿ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮದು ಮೂಲತಃ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡು. ಆಲೂಗಡ್ಡೆ ಸುಗ್ಗಿಯಲ್ಲಿ ಮೂಟೆ ಹೇರಿಕೊಂಡು ಹೋಗುವ ಟ್ರೇಲರಿಗೆ ಎಷ್ಟು ದಪ್ಪ ಕಬ್ಬಿಣ ಹಾಕಿದರೂ ಕಡಿಮೆಯೇ. ಟ್ರೇಲರ್ ಬಗ್ಗಿತು ಎಂದರೆ ಕಟ್ಟಿದವನ ಮಾನ ಹೋದಂತೆ. ಸಕಲೇಶಪುರ, ಮೂಡಿಗೆರೆ ಕಡೆ ಸುತ್ತುವ ಬೈಕಿನವರು ಬಂದು ಗಾರ್ಡು ಕೇಳಲು ಶುರು ಮಾಡಿದಾಗ ಆ ಟ್ರೇಲರ್ ಬುದ್ಧಿಯನ್ನೇ ಬೈಕಿಗೂ ಹಚ್ಚಿದೆವು. ಮೂರು ಮಿಲಿಮೀಟರ್ ಗೋಡೆಯ ಒಂದೂಕಾಲು ಇಂಚಿನ ಪೈಪು, ಮೂಲೆಗೊಂದು ತ್ರಿಕೋನ ಪಟ್ಟಿ, ದಪ್ಪ ವೆಲ್ಡಿಂಗು. ನೋಡುವುದಕ್ಕೂ ಗಟ್ಟಿ, ಬಡಿದರೂ ಗಟ್ಟಿ.

ಹೋದ ಮಳೆಗಾಲದಲ್ಲಿ ನಮ್ಮ ಗ್ರಾಹಕರೊಬ್ಬರು ಬಿಸಿಲೆ ಘಾಟಿ ಕಡೆ ಹೋಗಿದ್ದರು. ಫೋಟೋ ತೆಗೆಯಲು ಗಾಡಿ ನಿಲ್ಲಿಸಿ ಕಾಲು ಊರಿದ್ದಾರೆ, ಪಾಚಿಯ ಮೇಲೆ ಬೂಟು ಜಾರಿದೆ, ಗಾಡಿ ಎಡಕ್ಕೆ ವಾಲಿ ಒಂದು ಕಲ್ಲಿನ ಮೇಲೆ ಬಿದ್ದಿದೆ. ವೇಗ ಸೊನ್ನೆ. ಇಬ್ಬರು ಸೇರಿ ಎತ್ತಿ ನಿಲ್ಲಿಸಿದರು. ಗಾರ್ಡಿಗೆ ಬಣ್ಣ ಕೆರೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಖುಷಿಯಿಂದ ನಮಗೂ ಫೋಟೋ ಕಳಿಸಿದರು, ನಾವೂ ಖುಷಿಪಟ್ಟೆವು. ಮೂರು ವಾರದ ಮೇಲೆ ಎಂಜಿನ್ನಿನ ಮುಂಭಾಗದಲ್ಲಿ ಎಣ್ಣೆ ಜಿನುಗುತ್ತಿದೆ ಎಂದು ಗಾಡಿ ತಂದರು. ಗಾರ್ಡು ಬಿಚ್ಚಿ ಒರೆಸಿ ನೋಡಿದರೆ ಎಂಜಿನ್ ಮೌಂಟಿಂಗಿನ ಕಿವಿಯಲ್ಲಿ, ಅಂದರೆ ಬೋಲ್ಟು ತೂರುವ ಅಲ್ಯೂಮಿನಿಯಂ ಎರಕದ ಭಾಗದಲ್ಲಿ, ಕೂದಲೆಳೆಯಷ್ಟು ಬಿರುಕು. ಅದು ಅಲ್ಲಿಂದ ಕ್ರ್ಯಾಂಕ್‌ಕೇಸಿನವರೆಗೆ, ಅಂದರೆ ಎಂಜಿನ್ನಿನ ಕೆಳಭಾಗದ ಎಣ್ಣೆ ಇರುವ ಕವಚದವರೆಗೆ, ಹರಿದಿತ್ತು. ಬಗ್ಗದ ಗಾರ್ಡು ಬಿದ್ದ ಪೆಟ್ಟನ್ನೆಲ್ಲ ತಾನು ಸ್ವಲ್ಪವೂ ತಿನ್ನದೆ ಬೋಲ್ಟಿನ ಮೂಲಕ ಎಂಜಿನ್ನಿಗೆ ದಾಟಿಸಿತ್ತು. ಎಂಜಿನ್ ಇಳಿಸಿ ಕೇಸ್ ಬದಲಿಸಿದ ಖರ್ಚಿನಲ್ಲಿ ಅರ್ಧ ನಾವು ಕೊಟ್ಟೆವು. ಪೂರ್ತಿ ಕೊಡಬೇಕಿತ್ತು, ಅವರು ಒಪ್ಪಲಿಲ್ಲ.

ಆ ಕೇಸ್ ಇನ್ನೂ ನಮ್ಮ ಟೇಬಲ್ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತೇವೆ.

ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ರಂಥ ಟೂರಿಂಗ್ ಗಾಡಿ ಬರಿಮೈಯಲ್ಲೇ 196 ಕಿಲೋ ತೂಗುತ್ತದೆ. ಅದಕ್ಕೆ ಎರಡು ಪೆಟ್ಟಿಗೆ, ಟೆಂಟು, ನೀರು ಸೇರಿದರೆ ನಿಂತಲ್ಲೇ ಬಿದ್ದರೂ ಪೆಟ್ಟು ಸಣ್ಣದಲ್ಲ. ಆ ಪೆಟ್ಟನ್ನು ಯಾವುದಾದರೂ ಒಂದು ಭಾಗ ತಿನ್ನಲೇಬೇಕು. ಮೂರು ಸಾವಿರ ಚಿಲ್ಲರೆಯ ಪೈಪು ತಿನ್ನಲಿ, ಎಂಜಿನ್ ಬೇಡ. ಅದಕ್ಕೇ ಈಗ ಒಂದು ಇಂಚಿನ, ಎರಡು ಮಿಲಿಮೀಟರ್ ಗೋಡೆಯ ಪೈಪಿಗೆ ಬಂದಿದ್ದೇವೆ. ಹಳೆಯ ಪೈಪನ್ನು ಬಗ್ಗಿಸಲು ಇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಲ ಬೇಕಿತ್ತು. ತೂಕವೂ ಹಾಗೆಯೇ: ಹಳೆಯದು ಮೀಟರಿಗೆ ಎರಡು ಕಿಲೋ ದಾಟುತ್ತಿತ್ತು, ಹೊಸದು ಒಂದು ಕಿಲೋ ನೂರೈವತ್ತು ಗ್ರಾಮು. ಮುಂದಿನ ಚಕ್ರದ ಕಡೆ ತೂಕ ಇಳಿದದ್ದು ಘಟ್ಟದ ತಿರುವಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಬಗ್ಗಿದ ಗಾರ್ಡನ್ನು ಯಾಕೆ ಸರಿ ಮಾಡಿಕೊಡುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಮ್ಮೆ ಮಡಿಚಿದ ಪೈಪಿನ ಒಳಮೈ ಸುಕ್ಕಾಗಿರುತ್ತದೆ. ನೆಟ್ಟಗೆ ಬಡಿದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಹೊಸದರಂತೆ ಹೊಳೆಯುತ್ತದೆ ನಿಜ. ಮುಂದಿನ ಸಲ ಬಿದ್ದಾಗ ಅದು ಅದೇ ಜಾಗದಲ್ಲಿ ಕುಸಿದು ಟ್ಯಾಂಕಿಗೋ ರೇಡಿಯೇಟರಿಗೋ ಚುಚ್ಚಬಹುದು. ಇಷ್ಟು ವರ್ಷ ನೂರು, ಇನ್ನೂರು ರೂಪಾಯಿಗೆ ಮಾಡಿಕೊಟ್ಟದ್ದು ಉಪಕಾರವಾಗಿರಲಿಲ್ಲ. ಇನ್ನು ಮುಂದೆ ನಮ್ಮಲ್ಲೇ ಕಟ್ಟಿದ ಗಾರ್ಡು ಬಗ್ಗಿದರೆ ಹಳೆಯದನ್ನು ತನ್ನಿ, ಅರ್ಧ ಬೆಲೆಗೆ ಹೊಸದು ಕೊಡುತ್ತೇವೆ. ದಪ್ಪ ಪೈಪಿನ ಹಳೆಯ ಗಾರ್ಡು ಇರುವವರಿಗೂ ಇದೇ ಲೆಕ್ಕ, ಅದು ಬಗ್ಗಿರಬೇಕಿಲ್ಲ (ಅದು ಸುಲಭಕ್ಕೆ ಬಗ್ಗುವುದೂ ಇಲ್ಲ, ತೊಂದರೆ ಅದೇ).

ಪಾರ್ಸೆಲ್ ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಹೆಸರು ಒಂದೇ ಇದ್ದರೂ ಗಾಡಿ ಒಂದೇ ಅಲ್ಲ. ಎನ್‌ಫೀಲ್ಡಿನ ಕ್ಲಾಸಿಕ್ 350 ಎಂದು ಹೇಳಿ ಗಾರ್ಡು ತರಿಸಿಕೊಂಡು, ಕೂರುತ್ತಿಲ್ಲ ಎಂದು ವಾಪಸ್ ಕಳಿಸಿದವರು ಎಷ್ಟೋ ಜನ. 2021ರ ಸೆಪ್ಟೆಂಬರಿನಲ್ಲಿ ಹೊಸ ಕ್ಲಾಸಿಕ್ ಬರುವವರೆಗೆ ಆ ಗಾಡಿಗೆ ಮುಂದೆ ಒಂದೇ ಪೈಪು ಇಳಿಯುತ್ತಿತ್ತು, ಎಂಜಿನ್ನೇ ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಒಂದು ಭಾಗವಾಗಿ ಭಾರ ಹೊರುತ್ತಿತ್ತು. ಹೊಸದಕ್ಕೆ ಮುಂದೆ ಎರಡು ಪೈಪು. ಹಿಮಾಲಯನ್ 411ರಲ್ಲಿ ಚಾಸಿಯ ಪೈಪುಗಳು ಎಂಜಿನ್ನಿನ ಕೆಳಗೆ ತೊಟ್ಟಿಲಿನಂತೆ ಹಾದುಹೋಗುತ್ತವೆ. ಕೆಟಿಎಂ 390 ಅಡ್ವೆಂಚರಿನ ಜಾಲರಿ ಚಾಸಿಯಲ್ಲಿ ಎಂಜಿನ್ನೇ ಭಾರ ಹೊರುತ್ತದೆ, ಅದರ ಕೆಳಗೆ ಪೈಪೇ ಇಲ್ಲ. ಚಾಸಿಯ ಪೈಪಿಗೆ ಹಿಡಿಸುವ ಗಾರ್ಡಿಗೂ ಎಂಜಿನ್ ಬೋಲ್ಟಿಗೆ ಹಿಡಿಸುವ ಗಾರ್ಡಿಗೂ ಅಜಗಜಾಂತರ. ಎರಡನೆಯ ಬಗೆಯಲ್ಲಿ ಪೈಪು ಇನ್ನಷ್ಟು ಮೆತ್ತಗಿರಬೇಕು, ಹೊರಚಾಚು ಕಡಿಮೆ ಇರಬೇಕು. ಚಾಚಿದಷ್ಟೂ ಸನ್ನೆಗೋಲಿನ ಹಾಗೆ ಬುಡಕ್ಕೆ ಒತ್ತಡ ಹೆಚ್ಚು. ಗಾರ್ಡಿನ ತುದಿಗೆ ಕಾಲು ಚಾಚಿಕೊಳ್ಳಲು ಫುಟ್‌ರೆಸ್ಟು ಕೂರಿಸಿಕೊಡಿ ಎನ್ನುವವರಿಗೂ ಇದೇ ಕಾರಣಕ್ಕೆ ಇಲ್ಲ ಎನ್ನುತ್ತೇವೆ. ಗಾಡಿ ಬಿದ್ದಾಗ ಆ ತುದಿಯೇ ಮೊದಲು ನೆಲಕ್ಕೆ ತಾಗುವುದು.

ಬೋಲ್ಟಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇವೆ, ಬೇಜಾರಾಗಬೇಡಿ, ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ಗಾರ್ಡಿನ ಪಟ್ಟಿಯ ದಪ್ಪ ಸೇರಿಕೊಳ್ಳುವುದರಿಂದ ಕಂಪನಿಯ ಬೋಲ್ಟು ಗಿಡ್ಡವಾಗುತ್ತದೆ, ಉದ್ದದ್ದು ಹಾಕಬೇಕು. ಆಗ ಕೆಲವರು ಹಾರ್ಡ್‌ವೇರ್ ಅಂಗಡಿಯಿಂದ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ತಂದುಕೊಡುತ್ತಾರೆ, ತುಕ್ಕು ಹಿಡಿಯಲ್ಲ ಸಾರ್ ಎಂದು. ಬೋಲ್ಟಿನ ತಲೆ ನೋಡಿ. 8.8 ಎಂದಿದ್ದರೆ ಅದು 640 ಮೆಗಾಪ್ಯಾಸ್ಕಲ್ (ಎಳೆತ ಅಳೆಯುವ ಮಾನ) ಎಳೆತದವರೆಗೂ ಕಾಯಂ ಆಗಿ ಹಿಗ್ಗುವುದಿಲ್ಲ. ಎ2-70 ಎಂದಿರುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 450ಕ್ಕೇ ಮಣಿಯುತ್ತದೆ. ತಲೆಯ ಮೇಲೆ ಏನೂ ಬರೆದಿಲ್ಲದಿದ್ದರೆ ಅದನ್ನು ಬಾಗಿಲ ಚಿಲಕಕ್ಕೆ ಇಟ್ಟುಕೊಳ್ಳಿ. ಎಂಜಿನ್ ಮೌಂಟಿಂಗಿಗೆ ಕಂಪನಿ ಹಾಕಿದ ದರ್ಜೆಗಿಂತ ಕಡಿಮೆಯ ಬೋಲ್ಟನ್ನು ನಾವು ತೂರಿಸುವುದಿಲ್ಲ. ಬಿಗಿಯುವಾಗ ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ ಕೂರಿಸುತ್ತೇವೆ, ಆಮೇಲೆ ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ಟಾರ್ಕ್ ವ್ರೆಂಚು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಗಾರ್ಡನ್ನು ಎಳೆದು ತೂತಿಗೆ ತಂದು ಹೊಂದಿಸಿದರೆ ಆ ಎಳೆತ ಹಗಲೂ ರಾತ್ರಿ ಎಂಜಿನ್ ಮೇಲೇ ಇರುತ್ತದೆ. ತೂತು ಕೂರದಿದ್ದರೆ ಗಾರ್ಡನ್ನು ಮತ್ತೆ ಕಟ್ಟುತ್ತೇವೆ, ಗಾಡಿಯನ್ನು ಎಳೆಯುವುದಿಲ್ಲ.

ಹೊಸ ಗಾರ್ಡು ಹಾಕಿಸಿದವರು 500 ಕಿಲೋಮೀಟರ್ ಓಡಿಸಿ ಒಮ್ಮೆ ಬರಬೇಕು. ಪೌಡರ್ ಕೋಟಿಂಗಿನ (ಗಾರ್ಡಿಗೆ ಕಾಯಿಸಿ ಹಿಡಿಸಿದ ಪುಡಿಬಣ್ಣದ) ಪದರ ಅದುಮಿಕೊಂಡು ಬೋಲ್ಟು ಸಡಿಲವಾಗುತ್ತದೆ. ಹತ್ತು ನಿಮಿಷದ ಕೆಲಸ, ದುಡ್ಡಿಲ್ಲ. ದೂರದವರು ಹತ್ತಿರದ ಮೆಕ್ಯಾನಿಕ್ ಹತ್ತಿರ ಬಿಗಿಸಿಕೊಂಡು ನಮಗೆ ಒಂದು ಫೋಟೋ ಕಳಿಸಿದರೂ ಸಾಕು.

ಎಂಜಿನ್ನಿನ ಹೊಟ್ಟೆ ಕಾಯುವ ತಟ್ಟೆ, ಬ್ಯಾಶ್ ಪ್ಲೇಟು, ಎಲ್ಲರಿಗೂ ಬೇಕಿಲ್ಲ. ಬೆಂಗಳೂರಿನಿಂದ ಡಾಂಬರು ರಸ್ತೆಯಲ್ಲೇ ಚಿಕ್ಕಮಗಳೂರಿಗೆ ಬಂದು ಕಾಫಿ ಕುಡಿದು ಹೋಗುವವರಿಗೆ ಕಂಪನಿ ಕೊಟ್ಟದ್ದೇ ಧಾರಾಳ. ಎಸ್ಟೇಟ್ ದಾರಿ, ಜಲ್ಲಿ ರಸ್ತೆ, ಮನಾಲಿ-ಲೇಹ್ ದಾರಿಯ ಹಳ್ಳ ದಾಟುವವರು ಹಾಕಿಸಿಕೊಳ್ಳಿ. ಅಲ್ಲಿ ಮುಂದಿನ ಚಕ್ರ ಎಗರಿಸಿದ ಕಲ್ಲು ನೇರ ಬಂದು ಬಡಿಯುವುದೇ ಎಣ್ಣೆ ಇರುವ ಜಾಗಕ್ಕೆ. ಉದ್ದ ಐವತ್ತು, ಅಗಲ ಮೂವತ್ತು ಸೆಂಟಿಮೀಟರಿನ ತಟ್ಟೆ ಮೂರು ಮಿಲಿಮೀಟರ್ ಕಬ್ಬಿಣದ್ದಾದರೆ ಮೂರೂವರೆ ಕಿಲೋ, ನಾಲ್ಕು ಮಿಲಿಮೀಟರ್ ಅಲ್ಯೂಮಿನಿಯಂ ಆದರೆ ಸುಮಾರು 1.6 ಕಿಲೋ. ನಾವು 5052 ದರ್ಜೆಯ ಅಲ್ಯೂಮಿನಿಯಂ ಬಳಸುತ್ತೇವೆ, ಮಡಿಚಿದರೂ ಸೀಳುವುದಿಲ್ಲ. ಮಂಗಳೂರು, ಉಡುಪಿ ಕಡೆಯವರ ತಟ್ಟೆಗೆ ಬೋಲ್ಟಿನ ಕೆಳಗೆ ನೈಲಾನ್ ವಾಷರ್ ತಪ್ಪದೆ ಹಾಕುತ್ತೇವೆ. ಉಪ್ಪುಗಾಳಿಯಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಪುಡಿಯಾಗುತ್ತದೆ.

ತಟ್ಟೆ ಎಂಜಿನ್ನಿಗೆ ತಾಗಿಕೊಂಡಿರಬಾರದು, ಒಂದೂವರೆ ಎರಡು ಸೆಂಟಿಮೀಟರ್ ಬಿಡುವು ಬೇಕು. ಇಲ್ಲದಿದ್ದರೆ ಕಲ್ಲಿನ ಪೆಟ್ಟು ನೇರ ಎಂಜಿನ್ನಿಗೇ ಹೋಗುತ್ತದೆ, ಗಾಡಿ ಓಡುವಾಗ ತಗಡಿನ ಡಬ್ಬದ ಸದ್ದೂ ಬರುತ್ತದೆ. ಆ ಸಂದಿಯಲ್ಲಿ ಕೆಸರು ತುಂಬಿ ಒಣಗಿದರೆ ಶಾಖ ಹೊರಗೆ ಹೋಗದು. ಅದಕ್ಕೆ ಕೆಳಗೆ ತೂತುಗಳಿರುತ್ತವೆ, ಆದರೂ ಮಳೆಗಾಲದ ಸವಾರಿ ಮುಗಿದ ಮೇಲೆ ನೀರಿನ ಪೈಪು ಹಿಡಿದು ತೊಳೆಯಿರಿ. ಆಯಿಲ್ ಬದಲಿಸಲು ತಟ್ಟೆ ಬಿಚ್ಚುವುದು ಬೇಡ, ಡ್ರೇನ್ ಬೋಲ್ಟಿನ ಎದುರಿಗೇ ಸಾಕೆಟ್ ತೂರುವಷ್ಟು ತೂತು ಕೊಡುತ್ತೇವೆ.

ಗಾಡಿಯೇ ಬರಬೇಕು ಎನ್ನುವುದಕ್ಕೆ ದೊಡ್ಡ ಕಾರಣ ಮುಂದಿನ ಚಕ್ರ. ಹಿಮಾಲಯನ್ನಿನ ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಜೋಡಿ) 200 ಮಿಲಿಮೀಟರ್ ಕುಸಿಯುತ್ತದೆ. ನಿಂತ ಗಾಡಿಯಲ್ಲಿ ತಟ್ಟೆಯ ಮೂತಿಗೂ ಟೈರಿಗೂ ಒಂದು ಗೇಣು ಜಾಗ ಕಾಣುತ್ತದೆ, ಗುಂಡಿಗೆ ಬಿದ್ದು ಫೋರ್ಕು ಪೂರ್ತಿ ಕುಸಿದಾಗ ಅದು ಬೆರಳಗಲಕ್ಕೆ ಬರಬಹುದು. ಲಾರಿಯ ಲೋಡ್ ಬಿಗಿಯುವ ಬೆಲ್ಟು ಹಾಕಿ ಫೋರ್ಕನ್ನು ಕೆಳಗೆ ಎಳೆದು, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿದ ಮೇಲೇ ಬೋಲ್ಟು ಬಿಗಿಯುತ್ತೇವೆ. ಇದನ್ನು ಫೋನಿನಲ್ಲಿ ನೋಡಲು ಬರುವುದಿಲ್ಲ.

ಕಾಲಿನ ವಿಷಯ ಒಂದು ಮಾತು. ನಮ್ಮಲ್ಲಿ ಇದಕ್ಕೆ ಲೆಗ್ ಗಾರ್ಡ್ ಎಂಬ ಹೆಸರು ಹೇಗೋ ಅಂಟಿಕೊಂಡಿದೆ. ಇದು ಎಂಜಿನ್ ಕಾಯುತ್ತದೆ, ಕಾಲನ್ನಲ್ಲ. ಬಿದ್ದಾಗ ಪೈಪಿಗೂ ನೆಲಕ್ಕೂ ನಡುವೆ ಪಾದ ಸಿಕ್ಕಿಕೊಳ್ಳುವುದೂ ಉಂಟು. ಗಾರ್ಡಿಗೆ ಕೊಡುವಷ್ಟೇ ದುಡ್ಡನ್ನು ಬೂಟಿಗೂ ಕೊಡಿ.

ಕಾನೂನಿನ ಬಗ್ಗೆ ಕೇಳುವವರಿಗೆ: 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಯ ರಚನೆ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳಿ ಕ್ರ್ಯಾಶ್ ಗಾರ್ಡು, ಬುಲ್ ಬಾರುಗಳ (ಕಾರಿನ ಮುಂದೆ ಹಾಕಿಸುವ ಕಬ್ಬಿಣದ ಅಡ್ಡಪಟ್ಟಿ) ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿತ್ತು. ಆಮೇಲಿನ ಗಲಾಟೆ ಹೆಚ್ಚಾಗಿ ಕಾರಿನ ಬಂಪರಿನ ಸುತ್ತ ನಡೆಯಿತು. ನಮ್ಮ ಗಾರ್ಡು ಹ್ಯಾಂಡಲ್ಲಿನ ತುದಿಗಿಂತ ಹೊರಗೆ ಚಾಚುವುದಿಲ್ಲ, ನಂಬರ್ ಪ್ಲೇಟನ್ನೂ ದೀಪವನ್ನೂ ಮುಚ್ಚುವುದಿಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ನಮ್ಮ ಹತ್ತಿರ ಬರಬೇಡಿ, ಶೋರೂಮಿನಲ್ಲಿ ಕಂಪನಿಯದೇ ಗಾರ್ಡು ಹಾಕಿಸಿ. ವ್ಯಾಪಾರ ಹೋಗುತ್ತದೆ, ಹೋಗಲಿ.

ಹೊಸ ಗಾರ್ಡಿನ ಬೆಲೆ ಫಿಟಿಂಗ್ ಸೇರಿ 3,800 ರೂಪಾಯಿ, ಹಳೆಯದಕ್ಕಿಂತ 400 ಹೆಚ್ಚು. ಪೈಪು ತೆಳುವಾಗಿ ಬೆಲೆ ಏರಿದ್ದು ವಿಚಿತ್ರ ಎನಿಸಬಹುದು. ಈ ಬೆಲೆಯಲ್ಲಿ ಬೋಲ್ಟಿನ ದುಡ್ಡು, ಗಾಡಿಗೆ ತಕ್ಕ ಅಳತೆ ತೆಗೆದು ಕಟ್ಟುವ ಸಮಯ ಸೇರಿವೆ.

ಬರುವ ಹಿಂದಿನ ದಿನ ಫೋನ್ ಮಾಡಿ. ಗಾಡಿ ತೊಳೆದು ತನ್ನಿ, ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಎಂಜಿನ್ ತಣಿಯಲು ಅರ್ಧ ಗಂಟೆ, ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತದೆ. ಭಾನುವಾರ ರಜ. ಹಳೆಯ ದಪ್ಪ ಗಾರ್ಡು ಬದಲಿಸುವವರು ಆಗಸ್ಟ್ ಕೊನೆಯೊಳಗೆ ಬಂದರೆ ಎಂಜಿನ್ ಮೌಂಟಿಂಗಿನ ಕಿವಿಗಳನ್ನೂ ಒರೆಸಿ, ಬಿರುಕಿದೆಯೇ ಎಂದು ನೋಡಿ ಹೇಳುತ್ತೇವೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಇಂತಿ,
ಗಾರ್ಡು ಕಟ್ಟುವ ಶೆಡ್ಡಿನವರು
ಹಾಸನ